ಅತ್ತೆಯ ಒಡಕು ಬೋಗುಣಿ

"ಒಬ್ಬ ನಿವಾಸಿ ಕಳವಳ ವ್ಯಕ್ತಪಡಿಸಿದರು."

ಹತ್ತೊಂಬತ್ತು ವರ್ಷಗಳಲ್ಲಿ ಈ ವಾಕ್ಯವನ್ನು ಎಷ್ಟು ಸಲ ಬರೆದಿದ್ದೇನೋ ನನಗೇ ಗೊತ್ತಿಲ್ಲ. ಸೆಲ್ವಿನ್ ಬ್ಲಫ್ ನಗರಸಭೆಯಲ್ಲಿ ನಡಾವಳಿ ಬರೆಯುವವಳು ನಾನು. ನಮ್ಮ ಊರಿನ ಹೆಸರಿನಲ್ಲೇ ಬ್ಲಫ್ ಇದೆ, ನಾನೇನು ಮಾಡಲಿ. ಯಾರಾದರೂ ಬಂದು ಕಿರುಚಲಿ, ಅಳಲಿ, ಮೇಜು ಗುದ್ದಲಿ, ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಮೈಕಿನ ಮುಂದೆ ಕಕ್ಕಲಿ, ಪುಸ್ತಕದಲ್ಲಿ ಉಳಿಯುವುದು ಇಷ್ಟೇ: ಒಬ್ಬ ನಿವಾಸಿ, ಕಳವಳ. ಕಳೆದ ಅಕ್ಟೋಬರಿನಲ್ಲಿ ಅದೇ ವಾಕ್ಯವನ್ನು ನನ್ನ ಸೋದರತ್ತೆಯ ಬಗ್ಗೆ ಬರೆಯಲು ಹೇಳಿದರು. ಮೈಯೆಲ್ಲ ಉರಿದುಹೋಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕೆಂಪು ಪೆನ್ನು ಹಿಡಿದು ತಿದ್ದುವವರು ಇಲ್ಲಿ ಯಾರೂ ಇಲ್ಲ.

ಅತ್ತೆಯ ಹೆಸರು ಆರ್ಲೀಥಾ ಗ್ಯಾಸ್ಕಿನ್ಸ್. ವಯಸ್ಸು ಎಪ್ಪತ್ತೊಂಬತ್ತು. ಹುಟ್ಟಿದ್ದು ನೀರಿನ ಟ್ಯಾಂಕಿನ ಹಿಂದಿನ ಓಣಿಯಲ್ಲಿ, ಈಗ ಇರುವುದೂ ಅಲ್ಲೇ. ಮೂವತ್ತಾರು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದಳು. ಇವತ್ತು ನಗರಸಭೆಯಲ್ಲಿ ಕುರ್ಚಿ ಬಿಸಿ ಮಾಡುತ್ತಿರುವ ಒಂಬತ್ತು ಜನರಲ್ಲಿ ಐವರು ಅವಳ ಕೈಯ ಅನ್ನ, ಅಲಸಂದೆ ತಿಂದು ಬೆಳೆದವರು. ಗಂಡ ಲೊಂಜೊ ಸೀಗಡಿ ದೋಣಿಯಲ್ಲಿದ್ದ, ಒಂದು ಬಿರುಗಾಳಿಯ ವಾರ ಹೋದವನು ತಿರುಗಿ ಬರಲಿಲ್ಲ. ಮಕ್ಕಳಿಲ್ಲ. ಅಮ್ಮ ಸತ್ತಮೇಲೆ ನನ್ನನ್ನು ಸಾಕಿದವಳು ಅವಳೇ. ಬಾಯಿ ಮಾತ್ರ ಬಲು ಜೋರು. ಮೈಕು ಗೀಕು ಇಲ್ಲದೆ ಅಡುಗೆಮನೆಯಿಂದ ಕೂಗಿದರೆ ಆಟದ ಮೈದಾನದ ಆಚೆ ತುದಿಯ ಹುಡುಗರು ಚೆಂಡು ಬಿಟ್ಟು ಓಡಿಬರುತ್ತಿದ್ದರು.

ಟ್ಯಾಂಕಿನ ಹಿಂದೆ ನಮ್ಮವರ, ಅಂದರೆ ಊರಿನ ಕಪ್ಪು ಜನರ, ಸ್ಮಶಾನ. ಅಲ್ಲಿ ಮಲಗಿರುವವರು ಯಾವ ದೊಡ್ಡಮನೆಯ ಗುಲಾಮರೂ ಅಲ್ಲ. ಅವರನ್ನು ಕೊಂಡಿದ್ದು ನಗರಸಭೆ. ಊರಿನ ಚರಂಡಿ ಕಾಲುವೆಗಳನ್ನು ತೋಡಿಸಲು ಸಂತೆಯಲ್ಲಿ ನಿಂತು ಆರಿಸಿ ತಂದದ್ದು. ಇವತ್ತಿಗೂ ಮಳೆ ಬಂದರೆ ಊರ ನೀರು ಹರಿದುಹೋಗುವುದು ಅವರು ತೋಡಿದ ಕಾಲುವೆಗಳಲ್ಲೇ. ನನ್ನ ಹಾಗೆಯೇ ನಡಾವಳಿ ಬರೆಯಲು ಕೂತಿದ್ದವನೊಬ್ಬ 1843ರ ಪುಸ್ತಕದಲ್ಲಿ ಬರೆದಿದ್ದಾನೆ: "ಕಾಲುವೆಯಲ್ಲಿ ಒಂದು ಆಳು ನಷ್ಟ." ಹೆಸರಿಲ್ಲ, ಏನಿಲ್ಲ. ಅದೇ ಪುಟದಲ್ಲಿ ಗಾಡಿಯ ಚಕ್ರ ಮುರಿದದ್ದಕ್ಕೆ ನಾಲ್ಕು ಸಾಲು ಬರೆದಿದ್ದಾನೆ, ಪುಣ್ಯಾತ್ಮ.

ಅವರಿಗೆ ಕಲ್ಲು ನೆಡುವವರು ಯಾರಿದ್ದರು? ಸತ್ತವರು ಕೊನೆಗೆ ಉಂಡ ತಟ್ಟೆಯನ್ನೋ, ಕುಡಿದ ಲೋಟವನ್ನೋ ಒಡೆದು ಸಮಾಧಿಯ ಮೇಲೆ ಇಡುವುದು ನಮ್ಮವರ ಪದ್ಧತಿ. ಒಡೆದೇ ಇಡಬೇಕು. ಒಡೆದರೆ ಸಾವಿನ ಸರಪಳಿ ಅಲ್ಲಿಗೆ ತುಂಡಾಗುತ್ತದೆ, ಮನೆಯ ಇನ್ನೊಬ್ಬರನ್ನು ಎಳೆದುಕೊಂಡು ಹೋಗುವುದಿಲ್ಲ. ಬಿರುಗಾಳಿಗೆ ಹಾರದ ಹಾಗೆ ಅರ್ಧದವರೆಗೆ ಮಣ್ಣಿನಲ್ಲಿ ಒತ್ತಬೇಕು. ಸುತ್ತ ಚಿಪ್ಪು ಜೋಡಿಸಬೇಕು. ಹುಲ್ಲು ಬೆಳೆಯಲು ಬಿಡಬಾರದು. ಸಮಾಧಿಯ ಮೇಲೆ ಹುಲ್ಲು ಬೆಳೆದರೆ ಆ ಸತ್ತವರಿಗೆ ದಿಕ್ಕಿಲ್ಲ ಎಂದು ಅರ್ಥ. ಅದಕ್ಕೇ ಪ್ರತಿ ವರ್ಷ ಈಸ್ಟರಿನ ಹಿಂದಿನ ಶನಿವಾರ ಗುದ್ದಲಿ ಹಿಡಿದು ನೆಲ ಕೆರೆದು ಬೋಳು ಮಾಡುತ್ತೇವೆ.

ಅತ್ತೆಗೆ ಏಳು ವರ್ಷವಾಗಿದ್ದಾಗ ಅವಳ ಅಜ್ಜಿ ಟೆನ್ನಿ ಕೈಹಿಡಿದು ಸಾಲುಸಾಲಾಗಿ ನಡೆಸಿ ಹೇಳಿಕೊಟ್ಟಿದ್ದಳಂತೆ. ನೀಲಿ ಅಂಚಿನ ಬೋಗುಣಿ ಬೈನಾಳದು, ಕಾಲುವೆ ತೋಡುವವರಿಗೆ ಗಂಜಿ ಕಾಯಿಸುತ್ತಿದ್ದವಳು, ನಮ್ಮ ವಂಶದ ಮೂಲಜ್ಜಿ. ಕಿವಿ ಮುರಿದ ಬಿಳಿ ಹೂಜಿ ಬಿಗ್ ಜುಲೈಯದು. ಮೂರು ಕಾಲಿನ ಕಬ್ಬಿಣದ ಮಡಕೆ ಕಜೋನದು. ಹಸಿರು ಸೀಸೆಯ ತಳ ಪುಟ್ಟ ಫಿಬಿಯದು, ನಾಲ್ಕು ವರ್ಷದ ಕೂಸು. ಹೀಗೆ ಮೂವತ್ತೊಂದು. ಪಾತ್ರೆಯೇ ಹೆಸರು, ಪಾತ್ರೆಯೇ ವಿಳಾಸ. ಪಟ್ಟಿ ಮಾಡಿಡಲೇ ಎಂದು ನಾನೊಮ್ಮೆ ಕೇಳಿದ್ದಕ್ಕೆ ಅತ್ತೆ ಗದರಿದ್ದಳು.

"ಬರೀಬೇಡ ಅಂದಿದ್ಲು ಟೆನ್ನಜ್ಜಿ. ಬರೆದಿದ್ದೆಲ್ಲ ಅವರ ಕೈಗೆ ಸೇರತ್ತೆ ಅಂತ. ಬಾಯಲ್ಲಿಟ್ಕೊಳ್ಳೇ, ಸೋಮಾರಿ."

ನಾನು ಬಾಯಲ್ಲೂ ಇಟ್ಟುಕೊಳ್ಳಲಿಲ್ಲ. ಕಲಿತದ್ದು ನಾಲ್ಕೇ ಹೆಸರು, ಮೇಲೆ ಹೇಳಿದ ಅವೇ ನಾಲ್ಕು. ಉಳಿದದ್ದಕ್ಕೆ ಮುಂದಿನ ವರ್ಷ, ಮುಂದಿನ ವರ್ಷ ಎಂದುಕೊಂಡೇ ಕಾಲ ಹಾಕಿದೆ. ಈ ಸಿಟ್ಟಿನಲ್ಲಿ ನನ್ನ ಪಾಲೂ ಇದೆ, ಮುಚ್ಚಿಡುವುದಿಲ್ಲ.

ಎರಡು ವರ್ಷದ ಹಿಂದೆ ನಗರಸಭೆ ತಪ್ಪೊಪ್ಪಿಗೆ ಸಮಿತಿ ಮಾಡಿತು. ಇಪ್ಪತ್ತಾರು ಸಭೆ, ಅಷ್ಟಕ್ಕೂ ನಡಾವಳಿ ಬರೆದವಳು ನಾನೇ. ಸುಳ್ಳು ಯಾಕೆ ಹೇಳಲಿ, ಮೊದಮೊದಲು ನನಗೂ ಖುಷಿಯಾಗಿತ್ತು. "ಈ ನಗರಸಭೆ ಮನುಷ್ಯರನ್ನು ಕೊಂಡಿತ್ತು, ಅದು ಮಹಾಪರಾಧ" ಎಂದು ಮೇಯರ್ ಹಾಲಿಸ್ ಟ್ರಾಸ್ಕ್ ಎದ್ದು ನಿಂತು ಓದಿದ ದಿನ ಅತ್ತೆ ಹಿಂದಿನ ಸಾಲಿನಲ್ಲಿ ಕೂತು ಕೈಚೀಲ ಹಿಸುಕುತ್ತಿದ್ದಳು. ಇಬ್ಬರೂ ಮನೆಗೆ ನಡೆದೆವು. ಬಾಗಿಲ ಹತ್ತಿರ ನಿಂತು, "ಟೆನ್ನಜ್ಜಿ ಕೇಳಿಸ್ಕೋಬೇಕಿತ್ತು ಕಣೇ" ಎಂದಳು.

ಮುಂದಿನ ಸಭೆಯಲ್ಲಿ ತಾನಾಗಿಯೇ ಎದ್ದು ನಿಂತಳು.

"ಒಂದಿನ ಬೆಳಗ್ಗೆ ಎಲ್ಲರೂ ಬನ್ನಿ. ಯಾರ್ಯಾರು ಎಲ್ಲೆಲ್ಲಿ ಮಲಗಿದಾರೆ ಅಂತ ತೋರಿಸ್ತೀನಿ. ಮೂವತ್ತೊಂದು ಜನ. ನನ್ನ ಮೊಣಕಾಲು ಇನ್ನೆಷ್ಟು ದಿನ ನಡಿಯತ್ತೋ ಗೊತ್ತಿಲ್ಲ, ಬೇಗ ಬನ್ನಿ."

ಉದ್ಯಾನ ವಿಭಾಗದ ಮುಖ್ಯಸ್ಥ ಗ್ರೇಡನ್ ವಿಕ್ಸ್ ಪೆನ್ನು ತೆಗೆದು ಕೇಳಿದ, "ದಾಖಲೆ ಏನಾದ್ರೂ ಇದೆಯಾ, ಮಿಸ್ ಆರ್ಲೀಥಾ?"

"ದಾಖಲೆ ನೆಲದ ಮೇಲೇ ಇದೆಯಲ್ಲಪ್ಪ."

ವಿಕ್ಸ್ ಮಗುವಿನ ತಲೆ ಸವರುವವನ ಹಾಗೆ ನಕ್ಕ. ಆಮೇಲೆ ನೋಡೋಣ ಎಂದು ಗುರುತು ಹಾಕಿಕೊಂಡ. ಆಮೇಲೆ ಅಂದರೆ ಯಾವಾಗ? ಸಮಿತಿ ಆ ಸ್ಮಶಾನದಲ್ಲಿ ನಿಲ್ಲಿಸಲಿದ್ದ ಸ್ಮಾರಕದ ಕಲ್ಲು ತೆರೆಯುವ ಸಮಾರಂಭ ಮುಗಿದ ಮೇಲೆ!

ಸಮಾರಂಭ ಶನಿವಾರಕ್ಕಿತ್ತು. ಅದೇ ವಾರ ಮಂಗಳವಾರ ಬೆಳಗ್ಗೆ, ಬರುವ ಅತಿಥಿಗಳಿಗಾಗಿ ನೆಲ ಕೆರೆದು ಚೊಕ್ಕ ಮಾಡೋಣ ಎಂದು ಅತ್ತೆ ಗುದ್ದಲಿ ಹಿಡಿದು ಸ್ಮಶಾನಕ್ಕೆ ಹೋದಳು. ಹತ್ತು ಗಂಟೆಗೆ ನನ್ನ ಕಚೇರಿಯ ಬಾಗಿಲಲ್ಲಿ ನಿಂತಿದ್ದಳು. ಗುದ್ದಲಿ ಕೈಯಲ್ಲೇ ಇತ್ತು, ಮಣ್ಣು ತಾಗಿರಲಿಲ್ಲ.

"ವರ್ಡೀ, ಎದ್ದು ಬಾ."

"ಏನಾಯ್ತತ್ತೆ?"

"ಹುಲ್ಲು ಹಾಸಿದಾರೆ. ಹಸಿರು ಹುಲ್ಲು. ಏನೂ ಇಲ್ಲ. ಒಂದೂ ಇಲ್ಲ ಕಣೇ ಅಲ್ಲಿ."

ವಿಕ್ಸ್‌ನ ಕೋಣೆ ಅದೇ ಮಹಡಿಯಲ್ಲಿತ್ತು. ನಮ್ಮನ್ನು ನೋಡಿ ಅವನ ಮುಖ ಅರಳಿತು. ಮೆಚ್ಚುಗೆ ಹೇಳಲು ಬಂದಿದ್ದೇವೆ ಎಂದುಕೊಂಡ, ಮಾರಾಯ.

"ನೋಡಿದ್ರಾ ಮಿಸ್ ಆರ್ಲೀಥಾ? ಎರಡು ಲಾರಿ ಕಸ ತೆಗೆದ್ವಿ! ಒಡೆದ ತಟ್ಟೆ, ಸೀಸೆ, ಚಿಪ್ಪು, ತುಕ್ಕು ಹಿಡಿದ ಮಡಕೆ, ಏನು ಕೇಳ್ತೀರಿ. ಎಷ್ಟು ವರ್ಷದಿಂದ ಜನ ಅಲ್ಲಿ ತಂದು ಸುರೀತಿದ್ರೋ, ನಾಚಿಕೆಗೇಡು. ಯಂತ್ರ ಹಾಕಿ ಕೆರೆಸಿ, ಮಟ್ಟ ಮಾಡಿ, ಹೊಸ ಹುಲ್ಲು ಹಾಸಿದ್ದೀವಿ."

ಅತ್ತೆ ಕೂರಲಿಲ್ಲ. "ಅದು ಕಸ ಅಂತ ನಿನಗೆ ಯಾರು ಹೇಳಿದ್ರು?"

"ಎಲ್ಲ ಒಡೆದಿತ್ತಲ್ಲ..."

"ನಿಮ್ಮಜ್ಜಿ ಸಮಾಧಿ ಮೇಲೆ ಕಲ್ಲಿದೆಯೇನಪ್ಪ?"

"ಇದೆ."

"ಹೆಸರು ಕೆತ್ತಿದೆಯಾ?"

"ಹ್ಞೂಂ."

"ನಾಳೆ ಸುತ್ತಿಗೆ ತಗೊಂಡು ಹೋಗಿ ಅದನ್ನ ಪುಡಿ ಮಾಡಿ, ಲಾರಿಗೆ ತುಂಬಿ, ಹುಲ್ಲು ಹಾಸಿ ಬರ್ತೀನಿ. ಚೆನ್ನಾಗಿ ಕಾಣತ್ತೆ. ಆಮೇಲೆ ನೀನು ನನಗೆ ಥ್ಯಾಂಕ್ಸ್ ಹೇಳುವಿಯಂತೆ."

ಅವನಿಗೆ ನಿಧಾನವಾಗಿ ಅರ್ಥವಾಯಿತು. ಬಣ್ಣ ಇಳಿದುಹೋಯಿತು. "ನಮ್ಮ ಉದ್ದೇಶ ಒಳ್ಳೇದೇ ಇತ್ತು, ಮಿಸ್ ಆರ್ಲೀಥಾ" ಎಂದ.

ಉದ್ದೇಶವಂತೆ! ಆ ಮಾತು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಇನ್ನೂರು ವರ್ಷ ಕೆಟ್ಟ ಉದ್ದೇಶದಿಂದ ಮಾಡಲಾಗದ್ದನ್ನು ಇವರು ಒಳ್ಳೆಯ ಉದ್ದೇಶದಿಂದ ಒಂದು ಬೆಳಗ್ಗೆ ಮಾಡಿ ಮುಗಿಸಿದರು. ಗುಲಾಮರನ್ನು ಕೊಂಡವರೂ ಆ ಬೋಗುಣಿಗಳನ್ನು ಮುಟ್ಟಿರಲಿಲ್ಲ. ತಪ್ಪೊಪ್ಪಿಕೊಳ್ಳಲು ಬಂದವರು ಗುಡಿಸಿಹಾಕಿದರು.

ಆ ಮಧ್ಯಾಹ್ನವೇ ಅತ್ತೆಯನ್ನು ಕಾರಿನಲ್ಲಿ ಕೂರಿಸಿಕೊಂಡು ಪಕ್ಕದ ತಾಲ್ಲೂಕಿನ ಕಸದ ಗುಡ್ಡಕ್ಕೆ ಹೋದೆ. ಎರಡೂ ಲಾರಿ ಹಿಂದಿನ ದಿನವೇ ಖಾಲಿಯಾಗಿ, ಮೇಲೆ ಯಂತ್ರ ಓಡಿಯಾಗಿತ್ತು. ಇನ್ನು ಏನೂ ಸಿಗುವುದಿಲ್ಲವೆಂದು ಗೇಟಿನಲ್ಲಿದ್ದವನು ತಲೆಯಾಡಿಸಿದ. ಗುಡ್ಡದ ತುಂಬ ಕಡಲಹಕ್ಕಿಗಳು ಕಿರುಚಾಡುತ್ತಿದ್ದವು. ಅತ್ತೆ ಗುದ್ದಲಿ ಊರಿಕೊಂಡು ಕಾಲು ಗಂಟೆ ನಿಂತಳು, ಒಂದು ಹನಿ ಕಣ್ಣೀರಿಲ್ಲ. "ನಡಿ, ಹಸಿವಾಗಿದೆ" ಎಂದಳು. ದಾರಿಯಲ್ಲಿ ಬೇಯಿಸಿದ ಕಡಲೆಕಾಯಿ ಕೊಡಿಸಿದರೆ ಒಂದನ್ನೂ ಸುಲಿಯಲಿಲ್ಲ, ಪೊಟ್ಟಣ ತೊಡೆಯ ಮೇಲೆ ತಣ್ಣಗಾಯಿತು.

ಇನ್ನು ಕಲ್ಲಿನ ವಿಷಯ. ಅದರ ಒಕ್ಕಣೆಯನ್ನು ಬೆರಳಚ್ಚು ಮಾಡಿದವಳು ನಾನೇ ಆದ್ದರಿಂದ ಬಾಯಿಪಾಠವಾಗಿದೆ: "ಹೆಸರು ತಿಳಿಯದ ಮೂವತ್ತೊಂದು ಗುಲಾಮರ ನೆನಪಿಗೆ." ಮೂವತ್ತೊಂದು ಎಂದು ಇವರಿಗೆ ಹೇಗೆ ಗೊತ್ತಾಯಿತು? ಅತ್ತೆಯ ಬಾಯಿಂದ! ದಾಖಲೆ ಇಲ್ಲದವಳ ಬಾಯಿಂದ ಸಂಖ್ಯೆಯನ್ನು ತೆಗೆದುಕೊಂಡರು, ಹೆಸರುಗಳನ್ನು ಬೇಡವೆಂದರು. ಆ ದಿನ ಬೆರಳಚ್ಚು ಮಾಡುವಾಗ ನನಗೆ ಅದು ಹೊಳೆಯಲೇ ಇಲ್ಲವಲ್ಲ ಎಂದು ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸಿತು.

ಗುರುವಾರ ನಗರಸಭೆ ಸೇರಿತು. ಸಾರ್ವಜನಿಕರಿಗೆ ತಲಾ ಮೂರು ನಿಮಿಷ. ಅತ್ತೆ ಭಾನುವಾರದ ಟೋಪಿ ಹಾಕಿಕೊಂಡು ಮೈಕಿನ ಮುಂದೆ ನಿಂತಳು.

"ನನ್ನಜ್ಜಿ ಬರೀಬೇಡ ಅಂದಿದ್ಲು. ನೆಲದ ಮೇಲೆ ಇದ್ದಷ್ಟು ದಿನ ಅವಳ ಮಾತು ನಡೆಸಿದೆ. ಈಗ ನೆಲದ ಮೇಲೆ ಏನೂ ಉಳಿದಿಲ್ಲ. ವರ್ಡೀ, ಬರ್ಕೊಳ್ಳೇ."

ನಾನು ಹೊಸ ಹಾಳೆ ತೆಗೆದೆ.

"ಸೀಡರ್ ಮರದಿಂದ ಶುರು. ಹನ್ನೊಂದು ಹೆಜ್ಜೆ ನೇರ, ನಾಲ್ಕು ಹೆಜ್ಜೆ ಎಡಕ್ಕೆ, ಬೈನಾ. ನೀಲಿ ಅಂಚಿನ ಬೋಗುಣಿ. ಅವಳ ಕಾಲ ಹತ್ತಿರ ಬಿಗ್ ಜುಲೈ, ಬಿಳಿ ಹೂಜಿ. ಕಾಲುವೆ ದಡ ಕುಸಿದು ಸತ್ತೋನು. ಅವನ ಬಲಕ್ಕೆ ಕಜೋ..."

ಒಂಬತ್ತನೆಯ ಹೆಸರಿಗೆ ಕೆಂಪು ದೀಪ ಹತ್ತಿತು, ಗಂಟೆ ಹೊಡೆಯಿತು, ಮೈಕು ಆರಿತು. ಮೇಯರ್ ಮೆಲ್ಲಗೆ ಎದ್ದು, "ಮಿಸ್ ಆರ್ಲೀಥಾ, ನಿಮ್ಮ ಸಮಯ ಮುಗೀತು" ಎಂದ.

"ಕೂತ್ಕೊಳ್ಳೋ ಹಾಲಿಸ್. ಊಟದ ಸಾಲಲ್ಲಿ ನುಗ್ಗಿದ್ದಕ್ಕೆ ನಿನ್ನ ಕೊನೇಗೆ ಕಳಿಸಿದ್ದೆ, ಮರ್ತೋಯ್ತಾ? ಇವತ್ತೂ ಕಾಯಿ."

ಸಭೆಯಲ್ಲಿ ಕಿಸಕ್ಕನೆ ನಗು. ಮೇಯರ್ ಕೂತ. ಮೈಕು ಯಾರಿಗೆ ಬೇಕು? ಉಳಿದ ಇಪ್ಪತ್ತೆರಡು ಹೆಸರುಗಳನ್ನು ಅತ್ತೆ ಅಡುಗೆಮನೆಯ ಗಂಟಲಿನಲ್ಲಿ ಹೇಳಿದಳು. ಹೆಜ್ಜೆಯ ಲೆಕ್ಕ, ಪಾತ್ರೆ, ಸತ್ತ ಬಗೆ, ಎಲ್ಲ. ಕೊನೆಗೆ, "ಆ ಕಲ್ಲಿನ ಮೇಲೆ ಹೆಸರು ತಿಳಿಯದವರು ಅಂತ ಇದೆಯಂತೆ. ಈಗ ತಿಳೀತಲ್ಲ? ತೆಗೀರಿ" ಎಂದಳು.

ಕಲ್ಲು ಕೆತ್ತಿಯಾಗಿದೆ, ಅತಿಥಿಗಳನ್ನು ಕರೆದಾಗಿದೆ, ಆದರೆ ನಿಮ್ಮ ನೋವನ್ನು ಕೇಳಿಸಿಕೊಂಡಿದ್ದೇವೆ ಎಂದು ಮೇಯರ್ ಹೇಳಿದ. ಕೇಳಿಸಿಕೊಳ್ಳುವುದರಲ್ಲಿ ನಮ್ಮ ನಗರಸಭೆಯನ್ನು ಮೀರಿಸುವವರಿಲ್ಲ.

ಮರುದಿನ ನನ್ನ ಮೇಲಧಿಕಾರಿ ಮಿಸೆಸ್ ಪೆಗ್ರಮ್ ಕರೆದಳು. ನಾನು ಬರೆದ ನಾಲ್ಕು ಪುಟಕ್ಕೆ ಉದ್ದಕ್ಕೂ ಕೆಂಪು ಗೀಟು ಎಳೆದಿದ್ದಳು.

"ಮೈಕ್ ಆಫ್ ಆದಮೇಲೆ ಹೇಳಿದ್ದು ಸಭೆಗೆ ಸೇರಲ್ಲ ವರ್ಡೀ. ನಿನಗೆ ಗೊತ್ತಿರೋದೇ ತಾನೇ. ಎಂದಿನ ಹಾಗೆ ಬರಿ."

"ಎಂದಿನ ಹಾಗೆ ಅಂದ್ರೆ?"

"ಒಬ್ಬ ನಿವಾಸಿ ಕಳವಳ ವ್ಯಕ್ತಪಡಿಸಿದರು."

ಆಯಿತು ಎಂದು ಬಂದೆ. 1843ರಲ್ಲಿ ನನ್ನ ಕುರ್ಚಿಯಲ್ಲಿ ಕೂತವನಿಗೂ ಯಾರೋ ಹೀಗೇ ಹೇಳಿರಬೇಕು. ಅವನೂ ಆಯಿತು ಎಂದಿರಬೇಕು.

ಶನಿವಾರ ಹುಲ್ಲಿನ ಮೇಲೆ ಬಿಳಿ ಕುರ್ಚಿಗಳನ್ನು ಸಾಲಾಗಿ ಹಾಕಿದ್ದರು. ಅಂದರೆ ಸಮಾಧಿಗಳ ಮೇಲೆಯೇ. ಬ್ಯಾಂಡು ನುಡಿಸಿದರು, ಬಟ್ಟೆ ಸರಿಸಿ ಕಲ್ಲು ತೋರಿಸಿದರು. ಆಮೇಲೆ ನಮ್ಮ ಒಂದೊಂದು ಮನೆತನಕ್ಕೂ ಒಂದೊಂದು ಉಡುಗೊರೆ ಕೊಟ್ಟರು. ಏನು ಗೊತ್ತೇ? ಪಿಂಗಾಣಿ ತಟ್ಟೆ! ಚಿನ್ನದ ಅಂಚು, ನಡುವೆ ನಗರದ ಮುದ್ರೆ, ಕೆಳಗೆ "ಮರೆಯುವುದಿಲ್ಲ" ಎಂಬ ಬರಹ. ಮೂವತ್ತೊಂದು ಜನರ ಪಾತ್ರೆಗಳನ್ನು ಕಸಕ್ಕೆ ಎಸೆದ ಕೈಯೇ ಹೊಸ ತಟ್ಟೆ ಹಂಚುತ್ತಿತ್ತು.

ಅತ್ತೆ ಎರಡೂ ಕೈಯಲ್ಲಿ ತಟ್ಟೆ ತೆಗೆದುಕೊಂಡಳು. ಫೋಟೊದವರು ಮುನ್ನುಗ್ಗಿದರು. ಅವಳು ಅವರನ್ನು ದಾಟಿಕೊಂಡು ಸೀಡರ್ ಮರದ ಹತ್ತಿರ ಹೋದಳು. ಅಲ್ಲಿಂದ ಹನ್ನೊಂದು ಹೆಜ್ಜೆ. ಎಡಕ್ಕೆ ನಾಲ್ಕು. ಅಲ್ಲಿ ಬ್ಯಾಂಕಿನ ಮ್ಯಾನೇಜರ್ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

"ಏಳಪ್ಪ. ಬೈನಾಳ ಎದೆ ಮೇಲೆ ಕೂತಿದೀಯ."

ಅವನು ಕುರ್ಚಿ ಎತ್ತಿಕೊಂಡೇ ಎದ್ದ. ಅತ್ತೆ ತಟ್ಟೆಯನ್ನು ನೆಲಕ್ಕಿಟ್ಟಳು. ಬರುವಾಗ ಊರುಗೋಲಾಗಿ ತಂದು ನನ್ನ ಕೈಗೆ ಕೊಟ್ಟಿದ್ದ ಗುದ್ದಲಿ ಕಿತ್ತುಕೊಂಡು ಅದರ ಬೆನ್ನಿನಿಂದ ಒಂದು ಏಟು ಹಾಕಿದಳು. ಬ್ಯಾಂಡಿನವರು ನಿಲ್ಲಿಸಿಬಿಟ್ಟರು.

ಮೇಯರ್ ಓಡಿಬಂದ. ಮುಖ ಕೆಂಪಗಾಗಿತ್ತು. "ಬೇಡವಾಗಿದ್ರೆ ಹೇಳಬಹುದಿತ್ತು, ಮಿಸ್ ಆರ್ಲೀಥಾ. ಎಲ್ಲರ ಎದುರಿಗೆ ಹೀಗೆ..."

"ಬೇಡ ಅಂದೆನೇನೋ? ಅವಳಿಗೆ ಕೊಟ್ಟೆ. ಸತ್ತೋರಿಗೆ ನಾವು ಕೊಡೋದೇ ಹೀಗೆ. ಅವತ್ತೇ ಬಂದಿದ್ರೆ ತೋರಿಸ್ತಿದ್ದೆ."

ಮೇಯರ್ ಉಸಿರು ಬಿಟ್ಟ. "ಓ... ಹಾಗಾದ್ರೆ ಸಿಟ್ಟಿಂದ ಒಡೆದಿದ್ದಲ್ಲ?"

"ಸಿಟ್ಟಿಂದಲೂ ಹೌದು, ಪದ್ಧತಿನೂ ಹೌದು. ಎರಡಕ್ಕೂ ಒಂದೇ ಏಟು ಸಾಕು."

ಪತ್ರಿಕೆಯಲ್ಲಿ ಮರುದಿನ ಬಂದದ್ದು: "ನಗರದ ಉಡುಗೊರೆಯನ್ನು ಪುಡಿಗೈದ ವೃದ್ಧೆ." ಸೋಮವಾರ ಉದ್ಯಾನ ವಿಭಾಗದವರು ಬಂದು ಆ ಚೂರುಗಳನ್ನೂ ಗುಡಿಸಿಕೊಂಡು ಹೋದರು. ಮಕ್ಕಳ ಕಾಲಿಗೆ ಚುಚ್ಚುತ್ತದಂತೆ. ಥೂ, ಇವರ ಬುದ್ಧಿಗಿಷ್ಟು!

ನಾನೂ ಅವತ್ತೇ ನನ್ನ ಕೆಲಸ ಮಾಡಿದೆ. ಕೆಂಪು ಗೀಟಿನ ಪ್ರತಿಯನ್ನು ಡ್ರಾಯರಿಗೆ ತಳ್ಳಿ, ಮೂವತ್ತೊಂದು ಹೆಸರು, ಮೂವತ್ತೊಂದು ಜಾಗ ಇದ್ದ ಪ್ರತಿಯನ್ನೇ ಸದಸ್ಯರಿಗೆ ಕಳಿಸಿದೆ. ನಗರಸಭೆಯಲ್ಲಿ ನಡಾವಳಿಯನ್ನು ಯಾರೂ ಓದುವುದಿಲ್ಲ, ಎಲ್ಲರೂ ಒಪ್ಪುತ್ತಾರೆ. ಹತ್ತೊಂಬತ್ತು ವರ್ಷದಲ್ಲಿ ನಾನು ಕಲಿತ ವಿದ್ಯೆ ಅದೊಂದೇ. ಮುಂದಿನ ಗುರುವಾರ ಮೇಯರ್ "ಹಿಂದಿನ ಸಭೆಯ ನಡಾವಳಿ, ಒಪ್ಪಿಗೆಯೇ?" ಎಂದ. ಒಂಬತ್ತು ಕೈ ಮೇಲೆದ್ದವು. ಮಿಸೆಸ್ ಪೆಗ್ರಮ್ ಪುಟ ತಿರುಗಿಸಿ ನೋಡಿ ನನ್ನ ಕಡೆ ಕಣ್ಣು ಬಿಟ್ಟಳು. ಅಷ್ಟರಲ್ಲಿ ಮುದ್ರೆ ಬಿದ್ದಿತ್ತು. ನನ್ನ ಕೆಲಸದ ಮೇಲೆ ಈಗ ವಿಚಾರಣೆ ನಡೆಯುತ್ತಿದೆ. ನಡೆಯಲಿ.

ಮರುದಿನ ಬೆಳಗ್ಗೆ ಮುದ್ರೆ ಒತ್ತಿದ ಪ್ರತಿ ಹಿಡಿದು ಅತ್ತೆಯನ್ನು ಹುಡುಕಿದೆ. ಮನೆಯಲ್ಲಿರಲಿಲ್ಲ, ಸ್ಮಶಾನದಲ್ಲಿದ್ದಳು. ಮಡಚುವ ಕುರ್ಚಿಯ ಮೇಲೆ ಅವಳನ್ನು ಕೂರಿಸಿ ಮೂವತ್ತೊಂದನ್ನೂ ಓದಿದೆ. ಕಣ್ಣು ಮುಚ್ಚಿ ಕೇಳಿದಳು. ಇಪ್ಪತ್ತನೆಯದನ್ನು ಹೇಳುವ ಬಗೆ ತಪ್ಪೆಂದು ಎರಡು ಸಲ ತಿದ್ದಿದಳು. ಎಲ್ಲ ಮುಗಿದ ಮೇಲೆ ಎದ್ದು ಹುಲ್ಲಿನ ಅಂಚಿಗೆ ಗುದ್ದಲಿ ಹಾಕಿದಳು.

"ಪುಸ್ತಕದಲ್ಲಿ ಸೇರ್ತು, ಸಂತೋಷ. ತಲೆ ಮೇಲೆ ಹುಲ್ಲಿದೆಯಲ್ಲೇ ಇನ್ನೂ. ನಿಂತ್ಕೊಂಡು ಏನ್ ನೋಡ್ತೀಯ, ಎಳಿ."

ನಗರಸಭೆಯ ನೌಕರಳಾದ ನಾನು ನಗರಸಭೆ ಹಾಸಿದ ಹುಲ್ಲನ್ನು ಚಾಪೆ ಸುತ್ತುವ ಹಾಗೆ ಸುತ್ತತೊಡಗಿದೆ. ಹೊಸ ಹುಲ್ಲು, ಬೇರು ಬಿಟ್ಟಿರಲಿಲ್ಲ, ಸಲೀಸಾಗಿ ಬಂತು. ಎರಡು ಸುರುಳಿ ಆಗುವಷ್ಟರಲ್ಲಿ ವಿಕ್ಸ್‌ನ ಕಾರು ಬಂದು ನಿಂತಿತು.

"ವರ್ಡೀ! ಅದು ನಗರದ ಆಸ್ತಿ!"

"ನಡಾವಳಿ, ಒಂಬತ್ತನೇ ಪುಟ ಓದಿ, ಮಿಸ್ಟರ್ ವಿಕ್ಸ್. ಇಲ್ಲಿ ಬೈನಾ ಅನ್ನೋಳ ಸಮಾಧಿ ಇದೆ ಅಂತ ನಿಮ್ಮ ನಗರಸಭೆನೇ ಒಪ್ಪಿದೆ. ದಾಖಲೆ ಕೇಳಿದ್ರಲ್ಲ, ತಗೊಳ್ಳಿ."

ಕಾಗದ ಅವನ ಕೈಗಿತ್ತೆ. ಅವನು ಕಾರಿಗೆ ಒರಗಿ ಓದುತ್ತಾ ನಿಂತ. ಅಷ್ಟರಲ್ಲಿ ಅತ್ತೆಯ ಗುದ್ದಲಿಗೆ ಏನೋ ತಾಗಿ ಟಣ್ ಎಂದಿತು.

ಅವಳು ಕೆಟ್ಟ ಮೊಣಕಾಲನ್ನು ಬಯ್ಯುತ್ತಲೇ ನೆಲಕ್ಕೆ ಕೂತು, ಬೆರಳಿನಿಂದ ಮಣ್ಣು ಸರಿಸಿದಳು. ಯಂತ್ರ ಮೇಲಿದ್ದದ್ದನ್ನು ಮುರಿದು ಒಯ್ದಿತ್ತು. ಮಣ್ಣಿನಲ್ಲಿ ಒತ್ತಿದ್ದ ಅರ್ಧ ಒಳಗೇ ಉಳಿದಿತ್ತು. ಅಂಗೈ ಅಗಲದ ಬಿಳಿ ಪಿಂಗಾಣಿ, ಒಂದು ಕಡೆ ನೀಲಿ ಗೆರೆ. ಸೀಡರಿನಿಂದ ಹನ್ನೊಂದು, ಎಡಕ್ಕೆ ನಾಲ್ಕು.

ವಿಕ್ಸ್ ಹತ್ತಿರ ಬಂದು ಬಗ್ಗಿದ. ಕೈ ಚಾಚಿದ.

"ಮುಟ್ಟಬೇಡ" ಎಂದಳು ಅತ್ತೆ. ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ಗುದ್ದಲಿಯನ್ನು ಅವನ ಕೈಗೆ ತುರುಕಿದಳು. "ಒಂದಾಯ್ತು. ಇನ್ನು ಮೂವತ್ತಿದೆ. ಕೋಟು ತೆಗೆದಿಟ್ಟು ಅಗಿ."